ಮೂರನೆಯ ಕೂಗು

ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯ ಗೇಟಿನಾಚೆ ಬೆಳಿಗ್ಗೆ ಒಬ್ಬ ಹೆಂಗಸು ಹಸಿಹುಲ್ಲಿನ ಸಿವುಡುಗಳನ್ನು ಹರಡಿಕೊಂಡು ಕೂಡುತ್ತಾಳೆ. ದಾರಿಯಲ್ಲಿ ಹೋಗುವವರು ಒಂದು ಸಿವುಡು ಕೊಂಡು, ಅಲ್ಲೇ ಕಟ್ಟಿದ ಹಸುವಿನ ಮುಂದೆ ಹಾಕಿ, ಕೈಮುಗಿದು, ಆಫೀಸಿನ ದಾರಿ ಹಿಡಿಯುತ್ತಾರೆ. ಮೊನ್ನೆ ನಾನು ವಾಕಿಂಗ್ ಮುಗಿಸಿ ಬರುವಾಗ ಅವಳು ಹುಲ್ಲಿಗೆ ನೀರು ಚಿಮುಕಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಹೀಗಾಗಿರಬಹುದು: ಕಾಲುಗಳು ರಸ್ತೆಯ ಬದಿಯಲ್ಲೇ ನಿಂತಿರುತ್ತವೆ, ಮಿಕ್ಕ ಮನುಷ್ಯ ಎಲ್ಲೋ ಹೋಗಿಬಿಟ್ಟಿರುತ್ತಾನೆ. ನಾನು ವಡೋದರಾಕ್ಕೆ ಹೋದೆ, ಛಗನ್ ಕಾಕಾನ ದನದ ಹಟ್ಟಿಗೆ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಗದಗಿನಿಂದ ವಿಮೆ ಕಂಪನಿಯ ನೌಕರಿಗೆಂದು ವಡೋದರಾಕ್ಕೆ ಬಂದು, ಅಲ್ಲಿನ ಮಕರಪುರದ ಕಾರ್ಖಾನೆಗಳ ಹಿಂಬದಿಯಲ್ಲಿ ಒಂದು ಮಹಡಿಯ ಕೋಣೆ ಹಿಡಿದಿದ್ದೆ. ಕೆಳಗಿನ ಮನೆಯಲ್ಲಿ ಛಗನ್ ಕಾಕಾ ಮತ್ತು ಅವರ ಹೆಂಡತಿ ಕಾಂತಾಬಾ. ಕಾಕಾ ಹರಾಜು ಕೂಗುವ ಕೆಲಸದಿಂದ ನಿವೃತ್ತರಾದವರು. ಮುಚ್ಚಿಹೋದ ಕಾರ್ಖಾನೆಗಳ ಯಂತ್ರಗಳು, ಹಳೆಯ ಲಾರಿಗಳು, ಸಂತೆಯ ಎತ್ತು ಎಮ್ಮೆಗಳು, ಎಲ್ಲವನ್ನೂ ಮೂವತ್ತು ವರ್ಷ ಕೂಗಿ ಕೂಗಿ ಮಾರಿದ್ದರು. ಜೊತೆಗೆ ಊರಾಚೆ ಹುಲ್ಲುಗಾವಲು ಮಾಡಿಕೊಂಡು ಗೀರ್ ತಳಿಯ ಹಸುಗಳನ್ನು ಸಾಕಿದ್ದರು. ಕೆಂಪು ಮೈ, ಉಬ್ಬಿದ ಹಣೆ, ಎಲೆಯ ಹಾಗೆ ಜೋತುಬಿದ್ದ ಕಿವಿ. ಇಪ್ಪತ್ತಕ್ಕೂ ಹೆಚ್ಚು ಇದ್ದವು.

ಹರಾಜು ಕೂಗುವವರೆಂದರೆ ಗಂಟಲು ದೊಡ್ಡದಿರಬೇಕು ಎಂದು ನಾನು ತಿಳಿದಿದ್ದೆ. ಕಾಕಾ ಮಾತಾಡಿದರೆ ಎದುರಿಗಿದ್ದವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಬೇಕು, ಅಷ್ಟು ಮೆಲುದನಿ. ಒಮ್ಮೆ ಕೇಳಿಯೇಬಿಟ್ಟೆ.

"ಇದ್ದ ದನಿಯೆಲ್ಲಾ ಮಂದೀ ಸಾಮಾನು ಮಾರಾಕ ಖರ್ಚಾತು, ಭಾಯ್. ಮನೀಗೆ ಉಳಿದದ್ದು ಇಷ್ಟ," ಅಂದರು.

ಅವರು ಆಡುತ್ತಿದ್ದುದು ಗುಜರಾತಿ ಬೆರೆತ ಹಿಂದಿ. ಆದರೆ ನನ್ನ ನೆನಪಿನಲ್ಲಿ ಅವರು ಯಾವಾಗಿನಿಂದಲೋ ನಮ್ಮ ಗದಗಿನ ಮಾತಿನಲ್ಲೇ ಮಾತಾಡತೊಡಗಿದ್ದಾರೆ. ನಾನೂ ತಡೆದಿಲ್ಲ.

ಉಳಿಸಿಕೊಂಡ ಇನ್ನೊಂದು ದನಿ ಅವರಲ್ಲಿತ್ತು. ಅದು ಹೊರಬರುತ್ತಿದ್ದುದು ಸಂಜೆ, ಹುಲ್ಲುಗಾವಲಿನ ಅಂಚಿನಲ್ಲಿ. ಕಾರ್ಖಾನೆಗಳ ಮೇಲೆ ಬೆಳಕು ಹಳದಿಯಾಗಿ ಕರಗುತ್ತಿರುವಾಗ ಕಾಕಾ ಕೈಯನ್ನು ಬಾಯಿಗೆ ಅಡ್ಡ ಹಿಡಿದು "ಲೀಲಡೀ…" ಎಂದು ಕರೆಯುತ್ತಿದ್ದರು. ಆ ಕರೆ ಹುಲ್ಲಿನ ಮೇಲೆ ಹಾಸಿಕೊಂಡು ದೂರ ದೂರ ಹೋಗುತ್ತಿತ್ತು. ಎಲ್ಲೋ ಒಂದು ಕೆಂಪು ತಲೆ ಮೇಲೇಳುತ್ತಿತ್ತು. ಲೀಲಡಿ ನಡೆಯತೊಡಗಿದರೆ ಮಿಕ್ಕವು ಅವಳ ಹಿಂದೆ, ಧೂಳು ಅವುಗಳ ಹಿಂದೆ, ನಿದ್ದೆಯಲ್ಲಿ ನಡೆದು ಬಂದ ಹಾಗೆ ಬರುತ್ತಿದ್ದವು.

ನನಗೂ ಆ ಹಸುಗಳಿಗೂ ಕಚೇರಿಯ ಸಂಬಂಧವೂ ಇತ್ತು. ಅವುಗಳ ವಿಮೆ ನಮ್ಮಲ್ಲಿಯೇ. ಪಶುವೈದ್ಯರು ಕಿವಿಗೆ ಬಿಲ್ಲೆ ಹಾಕುತ್ತಿದ್ದರು, ನಾನು ನಂಬರು ಬರೆದುಕೊಳ್ಳಬೇಕು. ಊರಲ್ಲಿ ಆಕಳ ನಡುವೆಯೇ ಬೆಳೆದವನೆಂದು ಕೊಚ್ಚಿಕೊಂಡಿದ್ದ ನಾನು ಮೊದಲ ದಿನ ಬೇಲಿಯ ಈಚೆಯಿಂದಲೇ ನಂಬರು ಓದಲು ನೋಡಿದೆ. ಲೀಲಡಿ ನಿಧಾನವಾಗಿ ಬಂದು, ಬೇಲಿಯ ಮೇಲಿಂದ ಕತ್ತು ಚಾಚಿ, ತನ್ನದೇ ವಿಮೆಯ ಅರ್ಜಿಯನ್ನು ಅರ್ಧ ತಿಂದಳು. ಉಳಿದರ್ಧವನ್ನು ಕಚೇರಿಗೆ ಒಯ್ದು ಮ್ಯಾನೇಜರಿಗೆ ವಿವರಿಸಿದ್ದು ನನ್ನ ನೌಕರಿಯ ಮೊದಲ ಸಾಧನೆ.

ನಾಲ್ಕು ವರ್ಷದಲ್ಲಿ ಹುಲ್ಲುಗಾವಲಿನ ಮೂರೂ ಬದಿಗೆ ಹೊಸ ಶೆಡ್ಡುಗಳೆದ್ದವು. ಹಸುಗಳು ನೀರಿಗೆ ಹೋಗುವ ದಾರಿಗೆ ತಂತಿಬೇಲಿ ಬಿತ್ತು. ಅದೇ ಹೊತ್ತಿಗೆ ಕಾಕಾನ ಮೊಣಕಾಲು ಕೈಕೊಟ್ಟಿತು. ಸೂರತ್‌ನಲ್ಲಿದ್ದ ಮಗಳು ಬಂದು, "ಇನ್ನ ಸಾಕು, ನಮ್ಮ ಕೂಡ ಇರ್ರಿ," ಎಂದು ಹಟ ಹಿಡಿದಳು. ಕಾಕಾ ಎರಡು ದಿನ ಹಸುಗಳ ಜೊತೆಯೇ ಕಳೆದರು. ಮೂರನೆಯ ದಿನ ನನ್ನನ್ನು ಕರೆದರು.

"ಹಸುಗಳ ಹರಾಜು ನಾನ ಕೂಗ್ತೀನಿ. ಬ್ಯಾರೇದವರ ಬಾಯಾಗ ಅವುಗಳ ಹೆಸರು ಬ್ಯಾಡ. ನೀ ಕಾಗದ ಬರಕೋ."

ಒಂದು ಭಾನುವಾರ ಬೇವಿನ ಮರದ ಕೆಳಗೆ ಹರಾಜು ನಡೆಯಿತು. ಕಾಕಾ ಹರಾಜು ಕೂಗುವುದನ್ನು ನಾನು ಕಂಡಿದ್ದು ಅದೇ ಮೊದಲು. ಎಲ್ಲಿತ್ತೋ ಆ ದನಿ, ಎದೆಯೊಳಗಿಂದ ಎದ್ದು ಬಂತು. ಒಂದೊಂದು ಹಸುವಿನ ತಾಯಿ ಯಾರು, ಅದು ಯಾವ ಹುಲ್ಲನ್ನು ಮೂಸಿ ಬಿಡುತ್ತದೆ, ಹಾಲು ಕರೆಯುವಾಗ ಯಾವ ಬದಿಗೆ ಕೂರಬೇಕು, ಎಲ್ಲ ಹೇಳಿ ಕೂಗಿದರು. ಏಕ್ ವಾರ್, ಬೇ ವಾರ್, ತ್ರಣ್ ವಾರ್. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯದಕ್ಕೆ ಹಸು ಇನ್ನೊಬ್ಬರದು.

ಕೊನೆಗೆ ಲೀಲಡಿ. ಪಾದರಾ ಕಡೆಯ ರಮಣಭಾಯಿ ಎಂಬ ರೈತ ಕೂಗಿದ್ದೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ. "ಏಕ್ ವಾರ್," ಅಂದರು ಕಾಕಾ. "ಬೇ ವಾರ್." ಆಮೇಲೆ ಏನೂ ಇಲ್ಲ. ಬಾಯಿ ತೆರೆದೇ ಇತ್ತು. ಜನ ಕಾದರು. ಮಂಚದ ಮೇಲೆ ಕೂತಿದ್ದ ಕಾಂತಾಬಾ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ನಾನು ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತಿದ್ದೆ.

ರಮಣಭಾಯಿಯೇ ಮುಂದೆ ಬಂದು ಹಗ್ಗ ಕೈಗೆ ತೆಗೆದುಕೊಂಡ.

"ಕಾಕಾ, ಎರಡಕ್ಕ ನಿಲ್ಲಿಸ್ರಿ. ನಮ್ಮ ಮನ್ಯಾಗ ಇರ್ತಾಳ, ಆದರ ನಿಮ್ಮಾಕಿ. ನೋಡಾಕ ಬರ್ರಿ. ಮೂರನೇದು ನಿಮಗ ಅನ್ನಬೇಕು ಅನಿಸಿದಾಗ ಅನ್ನರಿ."

ಕಾಕಾ ತಲೆಯಾಡಿಸಿದರು. ಅಷ್ಟೇ. ನಾನು ವಿಮೆಯ ಕಾಗದದಲ್ಲಿ ಮಾಲೀಕರ ಹೆಸರನ್ನು ಬದಲಿಸದೆ ಹಾಗೇ ಬಿಟ್ಟೆ. ನನ್ನ ನೌಕರಿಯಲ್ಲಿ ಇದು ಎರಡನೆಯ ಸಾಧನೆ.

ಸೂರತ್‌ಗೆ ಹೋದ ಮೇಲೆಯೂ ಕಾಕಾ ತಿಂಗಳಿಗೊಮ್ಮೆ ರೈಲಿನಲ್ಲಿ ವಡೋದರಾಕ್ಕೆ ಬರುತ್ತಿದ್ದರು. ನಾನು ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ಪಾದರಾ ಕಡೆಗೆ ಒಯ್ಯುತ್ತಿದ್ದೆ. ಹೊಲದ ಅಂಚಿನಲ್ಲಿ ನಿಂತು ಅವರು ಕರೆದರೆ ಲೀಲಡಿ ಬಂದು ಅವರ ಹೆಗಲಿಗೆ ಹಣೆ ಒತ್ತುತ್ತಿದ್ದಳು. ಹಿಂದಿರುಗುವಾಗ ಪ್ರತಿ ಸಲವೂ ಅದೇ ಮಾತು: "ಇವತ್ತ ಅನ್ನಬೇಕಂತ ಬಂದಿದ್ದೆ. ಆಗಲಿಲ್ಲ."

ಎರಡು ವರ್ಷ ಹೀಗೆ ನಡೆಯಿತು. ನಡುವೆ ಅವರಿಗೆ ಕಾಯಿಲೆಯಾಗಿ ಐದಾರು ತಿಂಗಳು ಬರಲಾಗಲಿಲ್ಲ. ಮತ್ತೆ ಬಂದ ದಿನ ಸಂಜೆಯಾಗುತ್ತಿತ್ತು. ಕಾಕಾ ಅಂಚಿನಲ್ಲಿ ನಿಂತು ಕೈ ಅಡ್ಡ ಹಿಡಿದು ಕರೆದರು. ದನಿ ಸೊರಗಿತ್ತು, ಆದರೆ ಕೇಳದಷ್ಟೇನೂ ಅಲ್ಲ. ದೂರದಲ್ಲಿ ಲೀಲಡಿಯ ಕಿವಿ ಅಲುಗಿತು. ತಲೆಯೆತ್ತಿ ಇತ್ತ ನೋಡಿದಳು. ಮತ್ತೆ ಮೇಯತೊಡಗಿದಳು.

ಅಷ್ಟರಲ್ಲಿ ಮನೆಯ ಬಾಗಿಲಿಂದ ರಮಣಭಾಯಿಯ ಸೊಸೆ, ಹಿಟ್ಟು ಮೆತ್ತಿದ ಕೈಯಲ್ಲೇ, ಏನೋ ಒಂದು ಮಾತು ಕೂಗಿದಳು. ಹೆಸರೂ ಅಲ್ಲ, ಬರೀ ಒಂದು ಸದ್ದು. ಲೀಲಡಿ ಮೇವು ಬಿಟ್ಟು, ಹಿಂದೆ ಕರುವನ್ನು ಕಟ್ಟಿಕೊಂಡು, ನಮ್ಮ ಮುಂದೆಯೇ ಹಾದು ಅವಳತ್ತ ನಡೆದಳು.

ನನಗೆ ಕಾಕಾನ ಮುಖ ನೋಡಲು ಧೈರ್ಯವಾಗಲಿಲ್ಲ. ಅವರು ಕೋಲೂರಿಕೊಂಡು ಬಹಳ ಹೊತ್ತು ನಿಂತಿದ್ದರು. ಆ ಹೆಂಗಸು ಲೀಲಡಿಯ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುವುದನ್ನೂ ಲೀಲಡಿ ಕಣ್ಣು ಮುಚ್ಚುವುದನ್ನೂ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು: "ತ್ರಣ್ ವಾರ್."

ದಾರಿಯಲ್ಲಿ ನನ್ನ ಬೆನ್ನಿಗೆ ಒರಗಿ ಅವರು ಅತ್ತರು. ಸ್ಟೇಷನ್ನಿನಲ್ಲಿ ಮುಖ ತೊಳೆದುಕೊಂಡು ಎರಡು ಪ್ಲೇಟು ಢೋಕಳಾ ತರಿಸಿದರು, ಎರಡನ್ನೂ ತಾವೇ ತಿಂದರು. "ಆಕಿ ಬರಲಿಲ್ಲಂದ್ರ ನನ್ನ ನೆನಪು ಇಲ್ಲಂತ ಅಲ್ಲ ಭಾಯ್," ಅಂದರು, "ಆಕೀಗೆ ಈಗ ಮನಿ ಐತಿ." ಮತ್ತೆ ಅವರು ಬರಲಿಲ್ಲ. ಮರುವರ್ಷ ಸೂರತ್‌ನಲ್ಲಿಯೇ ತೀರಿಕೊಂಡರು. ಅದಕ್ಕೂ ಮೊದಲೇ ನಾನು ಹೆಸರು ಬದಲಿಸಿ ಕಾಗದ ಸರಿಮಾಡಿದ್ದೆ.

ಇದನ್ನೆಲ್ಲ ನೆನೆಯುತ್ತ ಎಷ್ಟು ಹೊತ್ತು ರಸ್ತೆಯ ಬದಿ ನಿಂತಿದ್ದೆನೋ, ಮೂರನೆಯ ಮಹಡಿಯ ನಮ್ಮ ಬಾಲ್ಕನಿಯಿಂದ ಮಗಳು ನೇಹಾ ಕೂಗಿದಳು: "ಪಪ್ಪಾ, ಚಾ ಠಂಡೀ ಥಾಯ್ ಛೆ." ಚಹಾ ಆರುತ್ತಿದೆಯಂತೆ. ನನಗೆ ಇಲ್ಲಿಗೆ ವರ್ಗವಾದ ಮೇಲೆ ಅವಳು ಹುಟ್ಟಿ ಬೆಳೆದದ್ದು ಈ ಊರಿನಲ್ಲೇ. ಕನ್ನಡದಲ್ಲಿ ಕರೆದರೆ ಮಾತ್ರ ಓಗೊಡುವುದು ಎಂದು ನಾನೊಂದು ನಿಯಮ ಮಾಡಿ ವರ್ಷಗಳಾಗಿದ್ದವು. ಅದರಿಂದ ಅವಳ ಕನ್ನಡ ಸುಧಾರಿಸಿರಲಿಲ್ಲ. ಅವಳು ನನ್ನನ್ನು ಕರೆಯುವುದೇ ಕಡಿಮೆಯಾಗಿತ್ತು.

"ಆವು ಛೂ, ಬೇಟಾ," ಅಂದೆ. ಬರುತ್ತಿದ್ದೇನೆ ಎಂದು, ಅವಳ ಗುಜರಾತಿಯಲ್ಲೇ.

ಮೇಲೆ ಹೋದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ನೇಹಾ ಕಪ್ಪು ತಂದು ಮುಂದೆ ಹಿಡಿದು, ಒಂದು ಗಳಿಗೆ ಪದ ಹುಡುಕಿ, ತಾನು ಮಾಡಿದ್ದನ್ನು ಕನ್ನಡದಲ್ಲಿ ಹೇಳಿದಳು: "ಪಪ್ಪಾ, ಸಕ್ಕರಿ ಕಮ್ಮಿ ಹಾಕಿದಾನೆ."

'ಹಾಕೀನಿ' ಅನ್ನಬೇಕು ಎಂದು ನಾನು ತಿದ್ದಲಿಲ್ಲ. ಅವಳ ಪಕ್ಕದಲ್ಲೇ ಕೂತು ಚಹಾ ಕುಡಿದೆ.