ಕುಪ್ಪುಸ್ವಾಮಣ್ಣ ತಯಾರು ಮಾಡಿದ ನಾಲ್ವರು

ಕುಪ್ಪುಸ್ವಾಮಣ್ಣನಿಗೆ ಈಗ ಎಪ್ಪತ್ತನಾಲ್ಕು. ಕ್ರೈಸ್ತರಾಗಿ ದೀಕ್ಷಾಸ್ನಾನ ಆದಾಗ ಹೆಸರು ಬದಲಿಸಿಕೊಳ್ಳಿ ಎಂದರಂತೆ. ಅಪ್ಪ ಇಟ್ಟಿದ್ದು, ಇರಲಿ ಎಂದು ಬಿಟ್ಟರು. ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಅವರದು ಶಾಫ್ಟಿನ, ಅಂದರೆ ಗಣಿಬಾವಿಯ, ಬಾಯಲ್ಲಿ ಗಂಟೆ ಹೊಡೆಯುವ ಕೆಲಸ. ಜನರನ್ನು ಕೆಳಗಿಳಿಸುವ ಕೇಜು ಅವರ ಗಂಟೆಯ ಮೇಲೆ ನಡೆಯುತ್ತಿತ್ತು. ಒಂದು ಹೊಡೆದರೆ ನಿಲ್ಲಬೇಕು. ಯಾರು ತಪ್ಪು ಮಾಡಿದರೂ ಕಂಡವನು ಕಂಡ ಕ್ಷಣವೇ, ಎಲ್ಲರ ಎದುರಿಗೇ, ನಿಲ್ಲಿಸಬೇಕು. ಮೇಸ್ತ್ರಿಯೇ ಆದರೂ ಅಷ್ಟೇ. ಅಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಗಣಿ ಮುಚ್ಚಿದ ಮೇಲೆ ನಮ್ಮ ಕಾರ್ಮಿಕರ ಲೈನಿನ ಪ್ರಾರ್ಥನಾ ಮನೆಯನ್ನು ಅವರೇ ನೋಡಿಕೊಂಡರು. ಬಂಗಾರಪೇಟೆಯಿಂದ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ. ಮಿಕ್ಕ ಭಾನುವಾರ ಇಲ್ಲಿಯವರೇ ಯಾರಾದರೂ ವಾಕ್ಯ ಹೇಳಬೇಕು. ಕುಪ್ಪುಸ್ವಾಮಣ್ಣನ ಎದೆಯಲ್ಲಿ ಗಣಿ ಧೂಳು ಕೂತಿದೆ. ನಾಲ್ಕು ಮಾತಾಡಿದರೆ ಕೆಮ್ಮು ಹತ್ತುತ್ತದೆ. ಅದಕ್ಕೇ ಬೇರೆಯವರನ್ನು ತಯಾರು ಮಾಡಲು ಹೊರಟರು.

ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಕಲಿಸುತ್ತಿದ್ದರು. ಕಾಯಿಲೆಯವರ ಮನೆಗೆ ಹೋದರೆ ಮೊದಲು ಅವರು ಕೊಟ್ಟ ನೀರು ಕುಡಿಯಬೇಕು, ಆಮೇಲೆ ವೇದಪುಸ್ತಕ ಬಿಚ್ಚಬೇಕು. ಸಾವಿನ ಮನೆಯಲ್ಲಿ ಅತ್ತು ಮುಗಿಯುವ ತನಕ ಸುಮ್ಮನೆ ಕೂರಬೇಕು. ತಮಿಳಿನವರಿಗೆ ತಮಿಳಲ್ಲಿ, ಕ್ಯಾಸಂಬಳ್ಳಿ ಕಡೆಯವರಿಗೆ ತೆಲುಗಲ್ಲಿ ಪ್ರಾರ್ಥನೆ ಮಾಡಬೇಕು. ಇದೆಲ್ಲ ಒಳ್ಳೆಯ ಪಾಠವೇ. ಕಸ ಗುಡಿಸುತ್ತ ನಾನೂ ಕೇಳಿ ಕಲಿತಿದ್ದೇನೆ.

ಆದರೆ ಭಾನುವಾರ ಅವರು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ವಾಕ್ಯ ಹೇಳುವವರು ಎಲ್ಲಿ ತಪ್ಪಿದರೂ ಬೆರಳ ಗೆಣ್ಣಿನಿಂದ ಬೆಂಚಿಗೆ ಟಕ್ ಎಂದು ಒಂದು ಬಡಿಯುತ್ತಿದ್ದರು. ಮೊದಲನೆಯವನು ಚಲಪತಿ, ಎರಡು ವರ್ಷ ಕಲಿತ. ಈಗ ಬೇತಮಂಗಲದಲ್ಲಿ ಅರವತ್ತು ಜನರ ಸಭೆ ನಡೆಸುತ್ತಾನೆ, ಇತ್ತ ಬರುವುದಿಲ್ಲ. ಆಮೇಲೆ ನವ್ಯ, ಹದಿನಾಲ್ಕು ತಿಂಗಳಿಗೆ ಬಿಟ್ಟಳು. ಮುನಿರಾಜ್ ಏಳೇ ವಾರಕ್ಕೆ. ನಾಲ್ಕನೆಯವಳು ವನಿತಾ. ಹಿಂದಿನ ಸಾಲಿನ ಮನೆಯಲ್ಲಿ ಬ್ಲೌಸ್ ಹೊಲಿಯುವವಳು.

ಹೋದ ವರ್ಷ ಬಂಗಾರಪೇಟೆಯಿಂದ ಮಾತು ಬಂತು. ಡಿಸೆಂಬರ್ ಒಳಗೆ ತರಬೇತಿ ಆದವರು ಒಬ್ಬರು ಇಲ್ಲಿ ನಿಲ್ಲದಿದ್ದರೆ ನಮ್ಮನ್ನು ಅಲ್ಲಿಯ ಸಭೆಗೆ ಸೇರಿಸುತ್ತಾರೆ, ಈ ಮನೆಗೆ ಬೀಗ. ನಾವು ಹದಿಮೂರು ಮಂದಿ, ಒಂಬತ್ತು ಜನ ಅರವತ್ತು ದಾಟಿದವರು. ಎಲ್ಲರ ಕಣ್ಣೂ ವನಿತಾಳ ಮೇಲೆ.

ಅವಳು ಬಂಗಾರಪೇಟೆಯ ಮೂರು ದಿನದ ತರಬೇತಿಗೂ ಹೋಗಿ ಬಂದಳು. ಶನಿವಾರ ನೋಟ್‌ಬುಕ್ ತೆಗೆದು ಓದಿದಳು.

“ತಾತ, ತಪ್ಪನ್ನ ಒಬ್ರೇ ಇದ್ದಾಗ ಏಳ್ಬೇಕು ಅಂತ ಬರ್ಸವ್ರೆ.”

“ಅಂಗಾ? ಕೇಜ್ ಬಿದ್ದೋದ್ಮೇಲೆ ಒಬ್ರೇ ಇದ್ದಾಗ ಕಿವೀಲಿ ಏಳೋದಾ, ಅಪ್ಪಾ ಬಿದ್ದೋಯ್ತು ಅಂತ?”

“ಇಲ್ಲೇನ್ ಬೀಳುತ್ತೆ ತಾತ? ಬಿದ್ರೆ ನಿಮ್ ಕನ್ನಡಕ ಬೀಳ್ಬೇಕು.”

ಇಬ್ಬರೂ ನಕ್ಕರು. ಅವರನ್ನು ನಗಿಸಬಲ್ಲವಳು ಅವಳೊಬ್ಬಳೇ. ಈ ಸಲ ಆಗುತ್ತದೆ ಎಂದು ನಾನೂ ಅಂದುಕೊಂಡೆ.

ನವೆಂಬರ್ ಮೂರನೆಯ ಭಾನುವಾರ ಅಯ್ಯನವರು ಅವಳು ಹೇಗೆ ನಡೆಸುತ್ತಾಳೆ ಎಂದು ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತರು. ವನಿತಾ ಚೆನ್ನಾಗಿ ಶುರು ಮಾಡಿದಳು. ನಮ್ಮಲ್ಲಿಯ ಮುದುಕಿ ಓಬಳಮ್ಮನ ಕಾಲುನೋವಿಗೆ ತೆಲುಗಿನಲ್ಲಿ ಪ್ರಾರ್ಥಿಸಿದಳು, ಓಬಳಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ವಾಕ್ಯ. ಹದಿನಾಲ್ಕನೆಯ ಅಧ್ಯಾಯ ಎನ್ನುವ ಬದಲು ಹನ್ನೆರಡು ಎಂದಳು. ಓದಿದ್ದು ಮಾತ್ರ ಹದಿನಾಲ್ಕನ್ನೇ. ನಮ್ಮಲ್ಲಿ ಪುಸ್ತಕ ಬಿಚ್ಚಿ ನೋಡುವವರು ಮೂವರೋ ನಾಲ್ವರೋ. ಮಿಕ್ಕ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಟಕ್ ಎಂದಿತು.

ವನಿತಾ ಅಲ್ಲಿಗೇ ಓದು ನಿಲ್ಲಿಸಿದಳು. ಪುಟ ನೋಡಿದಳು, ಕುಪ್ಪುಸ್ವಾಮಣ್ಣನ ಮುಖ ನೋಡಿದಳು. ಅಯ್ಯನವರು ಹಿಂದಿನಿಂದ “ಪರವಾಗಿಲ್ಲಮ್ಮ, ಮುಂದುವರಿಸು” ಎಂದರು. ಅವಳು ಬೆರಳಿನಿಂದ ಮತ್ತೆ ಸಾಲು ಹುಡುಕಿದಳು. ಪುಸ್ತಕವನ್ನು ಮೇಜಿನ ಮೇಲೆ ಮುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಎರಡು ಭಾನುವಾರ ಬರಲಿಲ್ಲ. ಎರಡನೆಯದರ ಮರುದಿನ ಕುಪ್ಪುಸ್ವಾಮಣ್ಣ ನನ್ನನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೋದರು. ಹೊಲಿಗೆ ನಿಲ್ಲಿಸಿ ಕಾಫಿ ಮಾಡಿಕೊಟ್ಟಳು. ಅವರು ಮೊದಲು ಅದನ್ನು ಪೂರಾ ಕುಡಿದು ಲೋಟ ಕೆಳಗಿಟ್ಟರು.

“ಇನ್ಮೇಲೆ ಬಡಿಯಲ್ಲ ಪಾಪ. ಕೈ ಕಟ್ಕೊಂಡ್ ಕೂರ್ತೀನಿ. ಬೇಕಂದ್ರೆ ಬಾಗ್ಲಿಂದ ಈಚೆ ಕೂರ್ತೀನಿ.”

“ನಿಮ್ಮೇಲೆ ಕೋಪ ಇಲ್ಲ ತಾತ.”

“ಕೋಪ ಮಾಡ್ಕೊ. ಬೈಯಿ. ಆದ್ರೆ ಬಾ.”

“ಮನೇಲೊಂದಿನ ನಿಂತ್ಕೊಂಡು ನೋಡ್ದೆ. ಯಾರೂ ಇಲ್ಲ, ನಾನೊಬ್ಳೇ. ಬಾಯ್ ತೆಗೆದ್ರೆ ಎಲ್ಲಿ ಟಕ್ ಅನ್ನುತ್ತೋ ಅಂತ ಕಿವಿ ಅಲ್ಲೇ ಓಗುತ್ತೆ. ಮಾತು ಬರಲ್ಲ. ನೀವು ಬಡಿದ್ರೂ ಒಂದೇ, ಬಡೀದಿದ್ರೂ ಒಂದೇ.”

“ಅಭ್ಯಾಸ ಮಾಡ್ಸ್ತೀನಿ.”

“ಬ್ಯಾಡ ತಾತ.”

ಮೆಲ್ಲಗೆ ಹೇಳಿದಳು, ಅವರು ಎದ್ದರು. ಬಾಗಿಲ ತನಕ ಬಂದು ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಡಿಸೆಂಬರ್ ಹತ್ತೊಂಬತ್ತಕ್ಕೆ ಬಂಗಾರಪೇಟೆಯ ಕಾಗದ ತುಂಬಬೇಕಿತ್ತು. ತರಬೇತಿ ಆದವರ ಹೆಸರು ಎಂದು ಒಂದು ಸಾಲು ಇತ್ತು. ಕುಪ್ಪುಸ್ವಾಮಣ್ಣ ಪೆನ್ನನ್ನು ಅಲ್ಲಿಗೆ ತಂದು ನನ್ನ ಕಡೆ ತಿರುಗಿದರು.

“ಚಲಪತಿ ಎಸ್ರು ಬರೀಲಾ ಅಕ್ಕಾ?”

“ಅವ್ನು ಬೇತಮಂಗ್ಲದಲ್ಲವ್ನಲ್ಲಣ್ಣ.”

“ನಾನೇ ತಾನೆ ತಯಾರ್ ಮಾಡಿದ್ದು.”

“ನೀವೇ. ಆದ್ರೆ ಇಲ್ಲಿಲ್ವಲ್ಲ.”

ಸಾಲು ಖಾಲಿ ಬಿಟ್ಟು ಕೆಳಗೆ ರುಜು ಮಾಡಿದರು. ಜನವರಿ ಮೊದಲ ಭಾನುವಾರ ಬೀಗ ಬಿತ್ತು. ಬೆಂಚುಗಳನ್ನು ಗೂಡ್ಸ್ ಆಟೋದಲ್ಲಿ ಬಂಗಾರಪೇಟೆಗೆ ಸಾಗಿಸಿದರು.

ಈಗ ಅಲ್ಲಿಗೆ ಹೋಗುವವರು ಹದಿಮೂರರಲ್ಲಿ ಮೂವರು. ಓಬಳಮ್ಮ ಬಸ್ಸಿನ ಮೆಟ್ಟಿಲು ಹತ್ತಲಾರಳು. ಕುಪ್ಪುಸ್ವಾಮಣ್ಣ ಹತ್ತಬಲ್ಲರು, ಹೋಗುವುದಿಲ್ಲ.