ಬೈಕಿನ ಗಾಳಿ, ಲಾರಿಯ ಗಾಳಿ

ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಭಾಮೈದ ಒಂದು ಆಟದ ಮೈದಾನ ಮಾಡಿದ್ದಾನೆ. ಬಾಡಿಗೆ ಜಮೀನು. ಸುತ್ತ ಹಸಿರು ಬಲೆ, ಒಳಗೆ ಹಳೆ ಟೈರು, ಡ್ರಮ್ಮು, ಬಿದಿರಿನ ತಡಿಕೆ. ಕಾರಿನಲ್ಲಿ ಬಂದ ಪ್ರವಾಸಿಗಳು ಇಳಿದು ಎರಡು ಗುಂಪಾಗುತ್ತಾರೆ. ನೋಡಲು ಥೇಟ್ ಮಿಲಿಟರಿ ರೈಫಲ್ಲಿನಂತಿರುವ ಆಟದ ಬಂದೂಕು ಹಿಡಿದು, ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಂಡಿನಿಂದ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಏರ್‌ಸಾಫ್ಟ್ ಅಂತ ಅದರ ಹೆಸರು. ತಗುಲಿದರೆ ಗೊದ್ದ ಕಚ್ಚಿದ ಹಾಗೆ ಚುರ್ ಅನ್ನಬೇಕು, ಅಷ್ಟೆ. ಕಣ್ಣಿಗೆ ಮಾತ್ರ ಕನ್ನಡಕ ಕಟ್ಟಿಯೇ ಒಳಗೆ ಬಿಡುವುದು.

ಆ ಬಂದೂಕುಗಳು ಬ್ಯಾಟರಿಯಲ್ಲಿ ಓಡುವಂಥವು. ಒಂದು ಬೇಸಿಗೆಯ ಜನ ಆಡುವಷ್ಟರಲ್ಲಿ ಒಳಗಿನ ಗೇರುಗಳು ಸವೆದು ಕೂತವು. ಅದರಲ್ಲಿ ಒಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವನು ಸಂತೆಮರಹಳ್ಳಿಯ ನನ್ನ ಅಂಗಡಿಗೆ ಬಂದ.

"ಭಾವ, ಇದ್ರ ಗೇರಿನ ಅಲ್ಲೆಲ್ಲಾ ಉದುರೋಗವೆ. ನಿನ್ ಕಂಪ್ರೆಸರ್ ಗಾಳೀಲಿ ಗುಂಡು ಒಡಿಯಂಗೆ ಮಾಡಕಾಗಲ್ವ?"

"ಆಗಲ್ಲ ಅಂತ ಯಾವನ್ಲಾ ಯೋಳಿದ್ದು?"

ನನ್ನ ಬಾಯಿಂದ ಬರುವ ಮಾತೇ ಅದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಪಂಕ್ಚರು, ಕಂಪ್ರೆಸರು, ಔಷಧಿ ಹೊಡೆಯುವ ಪಂಪು, ಯಾವುದೇ ಬರಲಿ, ಬಾಗಿಲಿಗೆ ಬಂದ ಯಂತ್ರವನ್ನು ಆಗಲ್ಲ ಅಂತ ವಾಪಸ್ಸು ಕಳಿಸಿದವನಲ್ಲ. ಸುತ್ತಲ ಊರಿನವರು, ಕುದೇರಿನವರೂ ಸೇರಿ, ಬೇರೆ ಮೆಕ್ಯಾನಿಕ್ಕುಗಳು ಕೈಬಿಟ್ಟದ್ದನ್ನು ನನ್ನ ಹತ್ತಿರ ತರುತ್ತಾರೆ.

ಬಂದೂಕಿನ ಹೊಟ್ಟೆ ಬಿಚ್ಚಿ ಗೇರು, ಮೋಟರು ಎಲ್ಲ ಕಿತ್ತೆ. ಒಂದು ಪುಟ್ಟ ಸಿಲಿಂಡರಿನಲ್ಲಿ ಗಾಳಿ ತುಂಬಿರಬೇಕು. ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಂದು ವಾಲ್ವು ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿಕೊಳ್ಳಬೇಕು. ಆ ಒಂದು ಗುಟುಕು ಗಾಳಿ ಗುಂಡನ್ನು ತಳ್ಳಬೇಕು. ಹೇಳುವುದಕ್ಕೆ ಇಷ್ಟೇ. ಮೊದಲ ಸಲ ವಾಲ್ವು ತೆರೆದದ್ದು ಮುಚ್ಚಲೇ ಇಲ್ಲ, ಬಸ್ಸಿನ ಬ್ರೇಕಿನ ಹಾಗೆ ಬುಸ್ ಅಂತ ಇದ್ದ ಗಾಳಿಯೆಲ್ಲ ಹೋಯಿತು. ಆಮೇಲೆ ಮಾಡಿದ್ದು ತೆರೆಯಲೇ ಇಲ್ಲ. ಊಟ ಮಾಡುವಾಗಲೂ ಅದೇ ಯೋಚನೆ. ಹೆಂಡತಿ ಸಾರು ಬಡಿಸಿ ನಿಂತರೆ ನನ್ನ ಬೆರಳು ತಟ್ಟೆಯ ಅಂಚಿನಲ್ಲಿ ಸ್ಪ್ರಿಂಗು ಒತ್ತುತ್ತಿತ್ತು. ಕೊನೆಗೆ ಲಾರಿ ಟ್ಯೂಬಿನಿಂದ ಕತ್ತರಿಸಿದ ವಾಷರು ಕೂತುಕೊಂಡಿತು. ಕುದುರೆ ಎಳೆದೆ. ಟಪ್. ಅಷ್ಟು ಚೊಕ್ಕವಾದ ಸದ್ದನ್ನು ನಾನು ಮಾಡಿದ ಯಾವ ಯಂತ್ರದಲ್ಲೂ ಕೇಳಿರಲಿಲ್ಲ.

ಗಾಳಿ ಎಷ್ಟು ತುಂಬಬೇಕು ಅನ್ನುವುದಕ್ಕೆ ನಾನು ಮೀಟರ್ ನೋಡಲಿಲ್ಲ. ನನ್ನ ಕಂಪ್ರೆಸರಿನ ಮೀಟರ್ ಕೆಟ್ಟು ಬಹಳ ಕಾಲವಾಗಿತ್ತು, ಬೇಕು ಅಂತಲೂ ಅನಿಸಿರಲಿಲ್ಲ. ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದು, ಇದು ಬೈಕಿನ ಗಾಳಿ, ಇದು ಕಾರಿನ ಗಾಳಿ, ಇದು ಲಾರಿಯ ಗಾಳಿ ಅಂತ ಹೇಳುವುದು ನಮ್ಮ ಕಸುಬಿನ ರೂಢಿ. ಲಾರಿ ಡ್ರೈವರುಗಳು ಟೀ ಪಂಥ ಕಟ್ಟಿ ನನ್ನ ಹೆಬ್ಬೆಟ್ಟನ್ನು ಪರೀಕ್ಷೆ ಮಾಡಿದ್ದಾರೆ, ಟೀ ಅವರೇ ಕುಡಿಸಿದ್ದಾರೆ. ಹೋದ ವರ್ಷ ಫ್ಯಾನ್ ಬೆಲ್ಟಿಗೆ ಸಿಕ್ಕಿ ಆ ಬೆರಳಿನ ಬುಡ ಸೀಳಿತ್ತು. ಹೊಲಿಗೆ ಹಾಕಿದರು, ಮಾಯಿತು, ಮರೆತೆ. ಆ ದಿನವೂ ಒತ್ತಿ ನೋಡಿ ಬೈಕಿನ ಗಾಳಿ ಅಂತ ತೀರ್ಮಾನಿಸಿ ಸಿಲಿಂಡರ್ ಮುಚ್ಚಿದೆ. ನೇತುಹಾಕಿದ್ದ ಗೋಣಿಚೀಲಕ್ಕೆ ಹೊಡೆದೆ. ಗುಂಡು ಒಳಗೆ ಹೋಗಿಬಿಟ್ಟಿತು. ಗೋಣಿ ಹಳೆಯದಾಗಿ ಲಡ್ಡಾಗಿದೆ ಅಂದುಕೊಂಡೆ.

ಸಂಜೆ ಭಾಮೈದ ಬಂದು ನೋಡಿ ಕುಣಿದಾಡಿದ.

"ನಾಳೆ ಮದ್ಯಾನ್ವೇ ಇದ್ರ ಓಪನಿಂಗು ಭಾವ. ಮೊದಲ್ನೇ ಗುಂಡ ನನ್ ಬರಿಮೈಗೇ ಒಡಿಸ್ಕತೀನಿ. ನನ್ ಗೆಣಕಾರ ಒಬ್ಬ ನನ್ ಪೋನಲ್ಲೇ ವಿಡಿಯೊ ತೆಗೀತಾನೆ. ನೋವಾಗಲ್ಲ ಅಂತ ಜನುಕ್ಕೆ ಗೊತ್ತಾಗ್ಬೇಕಲ್ವ?"

"ಕನ್ನಡ್ಕ ಆಕ್ಕಳ್ಲಾ."

"ಆಕ್ಕತೀನಿ ಬುಡು. ಜಾಸ್ತಿ ಏನಿಲ್ವಲ್ಲ ಗಾಳಿ?"

"ಬೈಕ್ ಗಾಳಿ ಕಣ. ಒಡುಸ್ಕಂಡು ನಗಾಡ್ಕಂಡು ಬತ್ತೀಯ, ಓಗು."

ಮಾರನೆಯ ದಿನ ಚಾಮರಾಜನಗರಕ್ಕೆ ಹೋದೆ. ಅಲ್ಲಿ ಬಿಡಿಭಾಗದ ಅಂಗಡಿಯ ಸಾಹುಕಾರರ ಹತ್ತಿರ ಒಂದು ಹಳೆ ಕಂಪ್ರೆಸರು ಮಾರಾಟಕ್ಕಿತ್ತು. ಓಡಿಸಿ ತೋರಿಸಿದರು. ನಾನು ಪೈಪಿಗೆ ಹೆಬ್ಬೆಟ್ಟು ಒತ್ತಿದೆ.

"ಏನ್ ಸಾವ್ಕಾರ್ರೆ, ಇದು ಬೈಕ್ ಟೈರ್ಗೂ ಸಾಲಲ್ಲ. ಪಿಸ್ಟನ್ ಓಗ್ಬುಟ್ಟದೆ."

"ಮೇಸ್ತ್ರಿ, ಮೀಟ್ರು ನೋಡಿ ಮಾತಾಡಿ."

ಮುಳ್ಳು ಲಾರಿ ಗಾಳಿಯ ಹತ್ತಿರ ನಿಂತಿತ್ತು. ಮೀಟರ್ ಕೆಟ್ಟಿದೆ ಅಂದೆ. ಅವರು ನಗುತ್ತಾ ಡಬ್ಬಿಯಿಂದ ಹೊಸ ಮೀಟರ್ ತೆಗೆದು ಹಾಕಿದರು. ಮುಳ್ಳು ಹೋಗಿ ಅಲ್ಲೇ ನಿಂತಿತು. ಅವರು ನನ್ನ ಕೈ ಹಿಡಿದು ಹೆಬ್ಬೆಟ್ಟಿನ ತುದಿಯನ್ನು ಉಗುರಿನಿಂದ ಒತ್ತಿದರು.

"ಗೊತ್ತಾಯ್ತದಾ?"

"ಏನು?"

"ನಾನು ಚಿವುಟ್ತಾ ಇವ್ನಿ ಕಣ್ರೀ. ಇದೇನ್ ಬೆರಳೋ ದನದ ಗೊರಸೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಆ ನಗು ದೂರದಲ್ಲೆಲ್ಲೋ ಕೇಳಿದ ಹಾಗಿತ್ತು. ಹೊಲಿಗೆ ಬಿದ್ದಾಗಿನಿಂದ ಆ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಗೋಣಿಚೀಲ ಲಡ್ಡಾಗಿರಲಿಲ್ಲ. ಸಿಲಿಂಡರಿನಲ್ಲಿರುವುದು ಲಾರಿಯ ಗಾಳಿ. ಅದರ ಮುಂದೆ ಇನ್ನು ಸ್ವಲ್ಪ ಹೊತ್ತಿಗೆ ನನ್ನ ಭಾಮೈದ ಎದೆ ಕೊಟ್ಟು ನಿಲ್ಲುತ್ತಾನೆ. ಕಣ್ಣಿಗೆ ಕಟ್ಟುವ ಆ ಕನ್ನಡಕ ಜಾತ್ರೆಯಲ್ಲಿ ಮಾರುವ ಆಟದ ಸಾಮಾನಿನಂಥದು, ನಾನೇ ಕೈಯಲ್ಲಿ ಬಗ್ಗಿಸಿ ನೋಡಿದ್ದೆ.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ವಿಡಿಯೊ ತೆಗೆಯುವುದಕ್ಕೆ ಅದನ್ನೇ ಯಾರ ಕೈಗೋ ಕೊಟ್ಟಿದ್ದಾನೆ ಅನ್ನುವುದು ಹೊಳೆಯಿತು. ಕಂಪ್ರೆಸರ್ ಬೇಕೋ ಬೇಡವೋ ಅಂತ ಸಾಹುಕಾರರು ಕೂಗುತ್ತಿರುವಾಗಲೇ ಮೊಪೆಡ್ ಹತ್ತಿ ಗುಂಡ್ಲುಪೇಟೆ ರಸ್ತೆ ಹಿಡಿದೆ.

ನನ್ನ ಮೊಪೆಡ್ಡಿಗೆ ಓಟ ಅನ್ನುವುದಿಲ್ಲ. ಎಷ್ಟು ತಿರುವಿದರೂ ಅದು ತನ್ನ ಪಾಡಿಗೆ ಹೋಗುತ್ತದೆ. ಬಸ್ಸುಗಳು ಹಾರ್ನ್ ಹೊಡೆದು ದಾಟಿ ಹೋದವು. ರಸ್ತೆ ಪಕ್ಕ ಸೂರ್ಯಕಾಂತಿ ಹೊಲದಲ್ಲಿ ನಿಂತು ಯಾರೋ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ಕೈಯೆತ್ತಿದ ಭಂಗಿ ನೋಡಿದರೂ ನನಗೆ ಭಾಮೈದನೇ ಕಂಡ. ಇಲ್ಲದ್ದೆಲ್ಲ ತಲೆಗೆ ಬಂತು. ಅತ್ತೆ ತೀರಿಕೊಂಡಾಗ ಇನ್ನೂ ತೆವಳುತ್ತಿದ್ದ ಕೂಸು ಅವನು. ನನ್ನ ಹೆಂಡತಿ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಮದುವೆಯಾಗಿ ಬರುವಾಗ ಜೊತೆಗೇ ಕರೆದುಕೊಂಡು ಬಂದಳು. ಅವನ ಕಣ್ಣಿಗೆ ಕಸಕಡ್ಡಿ ಬಿದ್ದರೆ ನಾಲಿಗೆಯಲ್ಲಿ ತೆಗೆದವಳು ಅವಳು. ಅವಳಿಗೆ ನಾನು ಏನಂತ ಹೇಳಲಿ?

ತೆರಕಣಾಂಬಿಯಲ್ಲಿ ಕೇರಳಕ್ಕೆ ತರಕಾರಿ ತುಂಬುವ ಲಾರಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದೆ.

"ನಿನ್ ತಮ್ಮ ಏನಾರ ಪೋನ್ ಮಾಡಿದ್ನಾ?"

"ಬೆಳಿಗ್ಗೆ ಮಾಡಿದ್ದ. ಯಾಕ್ರೀ, ಉಸ್ರು ಇಂಗ್ ಬುಡ್ತಾ ಇದ್ದೀರಿ?"

"ಏನಿಲ್ಲ. ಒಂದ್ ವಾಷ್ರು ಕೊಡದು ಮರ್ತೋಗಿತ್ತು."

"ವಾಷ್ರಿಗೆ ಇಂಗೆ ಅಳಂಗ್ ಮಾತಾಡ್ತಾರಾ?"

ಫೋನು ಕಟ್ ಮಾಡಿದೆ. ಕೋಸಿನ ಮೂಟೆಗಳ ಸಂದಿಯಲ್ಲಿ ಮೊಪೆಡ್ ನುಗ್ಗಿಸಿದೆ. ಹಮಾಲಿಯೊಬ್ಬ ಬೈದ. ಅವನು ಬೈದದ್ದು ಸರಿ.

ಮೈದಾನ ಕಾಣುವ ಹೊತ್ತಿಗೆ ಬಿಸಿಲು ನೆತ್ತಿ ಬಿಟ್ಟು ಇಳಿದಿತ್ತು. ರಸ್ತೆಯಿಂದಲೇ ಬಲೆಯ ಆಚೆ ಕಂಡಿತು. ಭಾಮೈದ ಅಂಗಿ ಬಿಚ್ಚಿ, ಕನ್ನಡಕ ಕಟ್ಟಿ, ಎರಡೂ ಕೈ ಅಗಲಿಸಿ ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಿದ್ದಾನೆ. ಎದುರಿಗೆ ಒಬ್ಬ ಗೆಳೆಯ ಬಂದೂಕು ಹೆಗಲಿಗೆ ಇಟ್ಟಿದ್ದಾನೆ. ಇನ್ನೊಬ್ಬ ಫೋನು ಹಿಡಿದು, ನೆರಳು ಬೀಳ್ತದೆ, ಒಸಿ ಈ ಕಡೆಗೆ ಬಾ ಅಂತ ಭಾಮೈದನನ್ನು ಸರಿಸುತ್ತಿದ್ದಾನೆ. ಹೊಡಿಬೇಡ್ರೋ ಅಂತ ಕೂಗಿದೆ. ರಸ್ತೆಯ ಲಾರಿಗಳ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಗೇಟಿನವರೆಗೆ ಸುತ್ತಿ ಹೋಗಲು ಧೈರ್ಯವಾಗಲಿಲ್ಲ. ಮೊಪೆಡ್ಡನ್ನು ನೆಟ್ಟಗೆ ಬಲೆಗೇ ಬಿಟ್ಟೆ. ಬಲೆ ಹರಿದು ಹ್ಯಾಂಡಲಿಗೆ ಸುತ್ತಿಕೊಂಡು, ನಾನು ಬಂದೂಕಿನವನ ಕಾಲ ಬಳಿ ಮಗುಚಿ ಬಿದ್ದೆ. ಬಿದ್ದವನೇ ನಳಿಗೆ ಹಿಡಿದು ಆಕಾಶಕ್ಕೆ ಎತ್ತಿದೆ.

"ಬುಡ್ಲಾ, ಬೆರಳ್ ತಗಿ ಅದ್ರಿಂದ!"

ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನಿನವನು ಇನ್ನೂ ತೆಗೆಯುತ್ತಲೇ ಇದ್ದ. "ಯಾಕಣ್ಣ, ನೀನ್ ಮಾಡಿದ್ದು ಟುಸ್ ಅಂದ್ಬುಡ್ತದೆ ಅಂತ ಬಯ ಆಯ್ತ? ಮೀನ್ ಬಿದ್ದಂಗೆ ಬಲೇಲಿ ಬಿದ್ದಲ್ಲ!"

ಭಾಮೈದನಿಗೆ ಗೆಳೆಯರ ಮುಂದೆ ಅವಮಾನವಾಗಿತ್ತು. "ಕೆಟ್ಟಿದ್ರೆ ಪೋನಲ್ಲಿ ಯೋಳದಲ್ವ ಭಾವ? ಬಲೆ ಯಾಕೆ ಅರ್ದುಬುಟ್ಟೆ?"

ಹೂಂ, ಕೆಟ್ಟಿದೆ ಅಂದು ಗಾಳಿ ಬಿಟ್ಟು ಬಂದೂಕು ಕಿತ್ತುಕೊಂಡು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನನ್ನು ನಾನು ಬಲ್ಲೆ. ಇನ್ನೊಂದು ಅಂಥದ್ದನ್ನು ಬೇರೆ ಯಾರಿಂದಲೋ ಮಾಡಿಸುತ್ತಾನೆ, ಯಾವುದೋ ಪಂಕ್ಚರ್ ಅಂಗಡಿಯಲ್ಲಿ ತಾನೇ ಗಾಳಿ ತುಂಬಿಸುತ್ತಾನೆ. ಆಗಲೂ ಅವನ ಕಣ್ಣಿನ ಹೊಣೆ ನನ್ನ ತಲೆಯ ಮೇಲೆಯೇ.

"ಕನ್ನಡ್ಕ ಬಿಚ್ಕೊಡು."

"ಯಾಕೆ?"

"ಬಿಚ್ಲಾ ಅಂದ್ರೆ."

ಅದನ್ನು ತಡಿಕೆಯ ಒಂದು ಗಳಕ್ಕೆ ಕಟ್ಟಿದೆ, ಅವನ ಮುಖದ ಎತ್ತರಕ್ಕೆ. ಎಲ್ಲರನ್ನೂ ನನ್ನ ಹಿಂದಕ್ಕೆ ಕರೆದೆ. ಮೊದಲ ಗುಂಡು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ಮತ್ತೆ ನಕ್ಕರು. ಮೊಣಕಾಲೂರಿ ಕೂತು, ಉಸಿರು ಹಿಡಿದು ಎಳೆದೆ. ಟಪ್. ಅದೇ ಚೊಕ್ಕ ಸದ್ದು.

ಕನ್ನಡಕ ಒಮ್ಮೆ ತೂಗಾಡಿತು. ಹತ್ತಿರ ಹೋದೆವು. ಬಲಗಡೆ ಪ್ಲಾಸ್ಟಿಕ್ ಗಾಜಿನ ನಡುವೆ, ಕಣ್ಣಿನ ಗೊಂಬೆ ಇರುವ ಜಾಗದಲ್ಲಿ, ಒಂದು ದುಂಡನೆಯ ತೂತು. ಒಡೆದ ಚೂರುಗಳು ಒಳಮುಖವಾಗಿ ಚೂಪಾಗಿ ನಿಂತಿದ್ದವು. ಹಿಂದಿನ ಬಿದಿರಿನ ಮೇಲೆ ಬಿಳಿಯ ಕಚ್ಚು.

ಬಂದೂಕು ಹಿಡಿದಿದ್ದ ಗೆಳೆಯ ಟೈರಿನ ಮೇಲೆ ಕುಸಿದು ಕೂತು ತನ್ನ ಬೆರಳನ್ನೇ ನೋಡಿಕೊಂಡ. ಭಾಮೈದ ಕನ್ನಡಕ ಬಿಚ್ಚಿಕೊಂಡು ತೂತಿನ ಮೂಲಕ ಕಿರುಬೆರಳು ತೂರಿಸಿದ. ಆಮೇಲೆ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ತೆಗೆದು, ಮತ್ತೆ ಮುಚ್ಚಿಕೊಂಡ.

"ನೀನು ಬೈಕ್ ಗಾಳಿ ಅಂದಿದ್ದೆ."

"ನನ್ ಕೈಗೆ ಅಂಗೇ ಗೊತ್ತಾಯ್ತು ಕಣ. ಕೈಲಿ ಜೀವ ಇಲ್ಲ ಅಂತ ಇವತ್ ಗೊತ್ತಾಯ್ತು."

ಅಷ್ಟು ಜನರ ಮುಂದೆ ನಾನು ಅಂಥ ಮಾತು ಆಡಿದ್ದು ಅದೇ ಮೊದಲು. ಅವನು ಬಯ್ಯಲಿಲ್ಲ. "ಅಕ್ಕಂಗೆ ಯೋಳ್ಬೇಡ," ಅಂದ, ಅಷ್ಟೆ. ನಾನು ಸಿಲಿಂಡರಿನ ಮೂತಿ ಸಡಿಲಿಸಿದೆ. ಗಾಳಿ ಹೊರಗೆ ಹೋಗುತ್ತಲೇ ಇತ್ತು, ಮುಗಿಯುವುದೇ ಇಲ್ಲವೇನೋ ಅನ್ನುವ ಹಾಗೆ. ಅದು ನಿಲ್ಲುವವರೆಗೂ ಎಲ್ಲರೂ ಅಲ್ಲೇ ಇದ್ದೆವು.

ಆಗ ಗೇಟಿನ ಮುಂದೆ ಒಂದು ಕಾರು ನಿಂತಿತು. ಬೆಂಗಳೂರಿನವರು. ಹಿಂದಿನ ಸೀಟಿನಿಂದ ಇಬ್ಬರು ಹೆಣ್ಣುಮಕ್ಕಳು ಇಳಿದು ಬಂದೂಕು ನೋಡಿ ಕುಣಿಯತೊಡಗಿದರು. ಬಂದ ಗಿರಾಕಿಯನ್ನು ಯಾವತ್ತೂ ವಾಪಸ್ಸು ಕಳಿಸದ ನನ್ನ ಭಾಮೈದ ಬರಿಮೈಯಲ್ಲೇ ಗೇಟಿನವರೆಗೆ ನಡೆದ.

"ಇವತ್ತಿಲ್ಲ ಸಾರ್."

"ಬೋರ್ಡಲ್ಲಿ ಓಪನ್ ಅಂತ ಇದೆಯಲ್ರಿ? ಸರಿ, ನಾಳಿದ್ದು ಇದೇ ದಾರೀಲಿ ವಾಪಸ್ ಬರ್ತೀವಿ. ಆಗ ಇರತ್ತಾ?"

ಅವನು ತಿರುಗಿ ನನ್ನನ್ನು ನೋಡಿದ. ನಾನು ಬಂದೂಕಿನಿಂದ ಸಿಲಿಂಡರ್ ಬಿಚ್ಚುತ್ತಿದ್ದೆ.

"ಇರಲ್ಲ ಸಾರ್," ಅಂದು, ಅವನು ಗೇಟಿಗೆ ಗಳ ಅಡ್ಡ ಹಾಕಿದ.