ವಿಮಾನದ ಫೋಟೋಗಳ ನೀಲಾಂಬಿಕೆ
ನಮ್ಮ ಹುಣಸೂರಿನ ಕಾಲೇಜು ಲೈಬ್ರರಿಯಲ್ಲಿ, ವಿಮಾನದಿಂದ ತೆಗೆದ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಪಾನ ಮಾಡುವವರು ನೀಲಾಂಬಿಕೆ. ಪುಸ್ತಕ ಜೋಡಿಸುವ ನನಗೆ ಅವರನ್ನು ಕಂಡರೆ ಹೊಟ್ಟೆಯುರಿ. ನನ್ನ ಕಪಾಟುಗಳ ಹತ್ತಿರ ನೊಣವೂ ಸುಳಿಯುವುದಿಲ್ಲ. ಅವರ ಮೇಜಿನ ಮುಂದೆ ತಮ್ಮೂರಿನ ಹಳೇ ಫೋಟೋ ನೋಡಲು ಬಿಳಿಕೆರೆಯಿಂದ ಪಿರಿಯಾಪಟ್ಟಣದವರೆಗಿನ ಜನ. ಒಂದೊಂದು ಫೋಟೋಗೂ ಊರು, ತಾರೀಕು, ವಿಮಾನ ಹಾರಿದ ಎತ್ತರ ಬರೆದು, ಮೂರು ಕಡೆ ಪ್ರತಿ ಇಟ್ಟ ಮೇಲೆಯೇ ಅವರಿಗೆ ಕಾಫಿ. ಪ್ರಿನ್ಸಿಪಾಲರೇ ಪೆನ್‌ಡ್ರೈವ್ ತಂದರೂ, "ವೈರಸ್ ಇರ್ತದೆ ಸಾರ್, ಜೇಬಲ್ಲೇ ಇಟ್ಕಳಿ" ಅನ್ನುತ್ತಾರೆ. ಪ್ರಿನ್ಸಿಪಾಲರು ನಗುತ್ತಾರೆ, ನಾನು ಅಂದಿದ್ದರೆ ಮೆಮೊ ಬರುತ್ತಿತ್ತು. ಮೊನ್ನೆ ಎಚ್.ಡಿ. ಕೋಟೆ ಕಡೆಯ ಚಿಕ್ಕಸಿದ್ದಮ್ಮ ಎಂಬ ಮುದುಕಿ ಬಂದು, ಅಣೆಕಟ್ಟಿನ ನೀರಲ್ಲಿ ಮುಳುಗಿದ ತನ್ನ ಊರನ್ನು ತೋರಿಸಿ ಎಂದಳು. ನೀಲಾಂಬಿಕೆ ಊಟ ಬಿಟ್ಟು ಹುಡುಕಿ, ಮುಳುಗುವ ಮುಂಚಿನ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿದರು. ಮುದುಕಿ ಒಂದು ಹಿತ್ತಲಿನ ಎಳ್ಳಿನಷ್ಟು ಚುಕ್ಕೆಯ ಮೇಲೆ ಬೆರಳಿಟ್ಟು, "ಇದು ನಮ್ಮವ್ವ ಕಣವ್ವ, ಬಟ್ಟೆ ಒಣಾಕ್ತಾವ್ಳೆ" ಎಂದು ಅತ್ತಳು. ನನಗೆ ಅದು ಗಿಡದಂತೆ ಕಂಡಿತು. ನೀಲಾಂಬಿಕೆ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರಿಬ್ಬರೂ ಎದ್ದುಹೋದ ಮೇಲೆ ಇಣುಕಿ ನೋಡಿದೆ. ಫೋಟೋದ ವಿವರದಲ್ಲಿ ಹೊಸ ಸಾಲು ಸೇರಿತ್ತು: "ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುವ ತಾಯಿ. ಗುರುತಿಸಿದವರು, ಮಗಳು ಚಿಕ್ಕಸಿದ್ದಮ್ಮ." ಪುಸ್ತಕಗಳ ವಿವರದ ಸಾವಿರಾರು ಕಾರ್ಡು ಬರೆದ ನನ್ನ ಕೈಯಿಂದ ಇಂಥ ಒಂದು ಸಾಲೂ ಬಂದಿಲ್ಲ.